ಕಾಮಗಾರಿಯ ಛಾಯಾಚಿತ್ರ ಯಾರ ಬೀರುವಿನಲ್ಲಿದೆ?

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಈ ಮೂರು ತಾಲ್ಲೂಕುಗಳಲ್ಲಿ ಹೊಲಗಾಲುವೆಯಾಗಲಿ, ಕೆರೆಯ ಹೂಳೆತ್ತುವುದಾಗಲಿ, ಕಾಮಗಾರಿಗೆ ಇಂದು ಛಾಯಾಚಿತ್ರವೇ ಮೊದಲ ಸಾಕ್ಷಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಕೆಲಸಕ್ಕೆ ಮುನ್ನ, ನಡುವೆ ಮತ್ತು ಮುಗಿದ ಬಳಿಕ ಜಿಯೋಟ್ಯಾಗ್ ಸಹಿತ ಚಿತ್ರ ತೆಗೆಯುವ ಕ್ರಮವು 2017ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಈ ಮೂರರಲ್ಲಿ ಮೊದಲನೆಯದೇ ಅಮೂಲ್ಯ. ಹೂಳೆತ್ತಿದ ಕೆರೆಗೆ ಮತ್ತೆ ಹೂಳು ತುಂಬಿ ಚಿತ್ರ ತೆಗೆಯಲಾಗದು.

ಯೋಜನೆಯ ಚಿತ್ರಗಳು ಇಸ್ರೋದ ಭುವನ್ ತಾಣಕ್ಕೆ ಸೇರುತ್ತವೆ. ಪಂಚಾಯಿತಿಯು ತನ್ನದೇ ಜಾಲತಾಣ ಮಾಡಿಸಿದಾಗ ಮಾತ್ರ ಪ್ರಶ್ನೆ ಏಳುತ್ತದೆ. ಚಿತ್ರವನ್ನೇ ತನ್ನ ಸರ್ವರ್‌ಗೆ ಏರಿಸಬಹುದು. ಅಥವಾ ಬೇರೆಲ್ಲೋ ಇರುವ ಚಿತ್ರದ ವಿಳಾಸವನ್ನಷ್ಟೇ ಪುಟದಲ್ಲಿ ಬರೆಯಬಹುದು. ಎರಡನೆಯದು ಬಾಹ್ಯ ಕೊಂಡಿ. ನೋಡುವವರ ಕಣ್ಣಿಗೆ ಎರಡೂ ಒಂದೇ. ಕಡತದಲ್ಲಿ ದಾಖಲೆಯ ಬದಲು ‘ದಾಖಲೆ ನೆರೆಮನೆಯ ಬೀರುವಿನಲ್ಲಿದೆ’ ಎಂಬ ಚೀಟಿ ಇಟ್ಟಂತೆ ಅದು.

ನೆರೆಮನೆಯ ಬಾಗಿಲು ಮುಚ್ಚಿದ ನಿದರ್ಶನಗಳಿವೆ. ಅಮೆರಿಕದ ಫೋಟೋಬಕೆಟ್ ಸಂಸ್ಥೆಯು 2017ರಲ್ಲಿ ಇತರ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿತು. ಹಣ ಕಟ್ಟದವರ ಚಿತ್ರಗಳಿದ್ದ ಅಸಂಖ್ಯ ಪುಟಗಳು ಬರಿದಾದವು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು ಮುಚ್ಚಿತು. ಅದಕ್ಕಿಂತ ಕೆಟ್ಟದ್ದೂ ಇದೆ: ವಿಳಾಸ ಹಾಗೆಯೇ ಇದ್ದು, ಒಳಗಿನ ಚಿತ್ರ ಬದಲಾಗಬಹುದು. ಆಗ ಪುಟವು ಖಾಲಿಯಾಗದು, ಸುಳ್ಳು ಹೇಳುತ್ತದೆ.

ತಂತ್ರಾಂಶ ಚೌಕಟ್ಟುಗಳನ್ನು ಕಟ್ಟಿದವರಿಗೆ ಇದು ತಿಳಿಯದ್ದಲ್ಲ. ಜಾಂಗೋದಲ್ಲಿ ಚಿತ್ರ ಏರಿಸುವ ಕಲಂ ಬೇರೆ, ವಿಳಾಸ ಬರೆಯುವ ಕಲಂ ಬೇರೆ. ನೆಕ್ಸ್ಟ್ ಜೆಎಸ್ ತನ್ನ ಚಿತ್ರ ಘಟಕದಲ್ಲಿ, ಅನುಮತಿ ಪಟ್ಟಿಯಲ್ಲಿ ಹೆಸರಿಸದ ಹೊರತಾಣದ ಚಿತ್ರವನ್ನು ನಿರಾಕರಿಸುತ್ತದೆ. ಅವಸರದ ಗುತ್ತಿಗೆದಾರರು ‘ಎಲ್ಲ ತಾಣಗಳಿಗೂ ಅನುಮತಿ’ ಎಂದು ಬರೆದು ಕೈತೊಳೆದುಕೊಂಡರೆ ಆ ಕಾವಲು ವ್ಯರ್ಥ.

ಸದಸ್ಯರು ಇದನ್ನು ಪರೀಕ್ಷಿಸಲು ಎಂಜಿನಿಯರ್ ಆಗಬೇಕಿಲ್ಲ. ಮೊಬೈಲಿನಲ್ಲಿ ಚಿತ್ರವನ್ನು ಒತ್ತಿಹಿಡಿದು ಹೊಸ ಪುಟದಲ್ಲಿ ತೆರೆದು, ಮೇಲಿನ ವಿಳಾಸ ಓದಿದರಾಯಿತು. ಅಲ್ಲಿ ಅಪರಿಚಿತ ತಾಣದ ಹೆಸರು ಕಂಡರೆ ಆ ಚಿತ್ರ ಎಲ್ಲಿದೆಯೆಂದು ಕೇಳಬೇಕು. ಮೂಲ ಚಿತ್ರಗಳ ಪ್ರತಿಯನ್ನು ದಿನಾಂಕ ಹಾಗೂ ಕಾಮಗಾರಿ ಸಂಖ್ಯೆಯೊಡನೆ ಪಂಚಾಯಿತಿಗೆ ಒಪ್ಪಿಸುವ ಷರತ್ತು ಒಪ್ಪಂದದಲ್ಲಿರಲಿ. ಅದು ಕೈಸೇರಿದ ಮೇಲೆಯೇ ಜಾಲತಾಣದ ಅಂತಿಮ ಬಿಲ್ಲು ಸಭೆಯ ಮುಂದೆ ಬರಲಿ.