ಸಣ್ಣ ಹಳಿಗಳ ಮೇಲಿನ ಎಂಜಿನ್‌ಗಳ ಜಾತಕ



ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1940ರಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಟ್ಟಲು ಶುರುಮಾಡಿತು. ಅದರ ತೂಕ 44 ಟನ್. ಜನ ಅದನ್ನು ಕರೆಯುತ್ತಿದ್ದುದೂ ಆ ತೂಕದಿಂದಲೇ. ಐವತ್ತು ಬಿಟ್ಟು, ನಲವತ್ತೂ ಬಿಟ್ಟು, ಈ ನಲವತ್ನಾಲ್ಕು ಎಲ್ಲಿಂದ ಬಂತು? 1937ರಲ್ಲಿ ಅಲ್ಲಿನ ರೈಲ್ವೆ ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಒಂದು ಒಪ್ಪಂದವಾಗಿತ್ತು. 90,000 ಪೌಂಡ್ ಮೀರಿದ ಡೀಸೆಲ್ ಎಂಜಿನ್‌ನಲ್ಲಿ ಡ್ರೈವರ್ ಜೊತೆ ಫೈರ್‌ಮನ್ ಕೂಡ ಇರಬೇಕು ಎಂದು. ಡೀಸೆಲ್ ಎಂಜಿನ್‌ನಲ್ಲಿ ಕಲ್ಲಿದ್ದಲು ಹಾಕುವ ಕೆಲಸವೇ ಇಲ್ಲ, ಆದರೂ ಫೈರ್‌ಮನ್ ಬೇಕು. ಇದನ್ನು ನೋಡಿ ನಗಬೇಡಿ, ಸಾವಿರಾರು ಮನೆಗಳ ಅನ್ನದ ಪ್ರಶ್ನೆ ಅದು. ಅಮೆರಿಕದ ಟನ್ನಿಗೆ 2,000 ಪೌಂಡ್. 44 ಟನ್ ಅಂದರೆ 88,000 ಪೌಂಡ್. ಒಪ್ಪಂದದ ಗೆರೆಯ ಕೆಳಗೆ ತಲೆ ಬಗ್ಗಿಸಿ ನುಸುಳುವಂತೆ ಆ ಎಂಜಿನ್ನಿನ ತೂಕ ಕಟ್ಟಿದ್ದರು. ಒಬ್ಬನ ಸಂಬಳ ಉಳಿಯಿತು.

ಇವತ್ತು ನಾನು ಹೇಳಹೊರಟಿರುವುದು ಇಂಥ ಎಂಜಿನ್‌ಗಳ ಕಥೆ. ದೊಡ್ಡ ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್‌ಗಳ ಬಗ್ಗೆ ಪುಸ್ತಕಗಳಿವೆ, ಅಂಚೆಚೀಟಿಗಳಿವೆ. ಹತ್ತಾರು ಮೈಲಿ ಉದ್ದದ ಊರ ರೈಲುದಾರಿ, ಗಣಿಯ ಹಳಿ, ಗರಗಸದ ಕಾರ್ಖಾನೆಯ ಹಳಿ ಇವುಗಳ ಮೇಲೆ ದುಡಿದ ಎಂಜಿನ್‌ಗಳನ್ನು ಕೇಳುವವರು ಕಡಿಮೆ. ಆದರೆ ಒಂದು ಯಂತ್ರ ಯಾಕೆ ಹಾಗಿದೆ ಎಂದು ತಿಳಿಯಬೇಕಾದರೆ ಇವೇ ಒಳ್ಳೆಯ ಸಾಕ್ಷಿ. ಗುಡ್ಡದ ಏರು, ಸರ್ಕಾರದ ಕಾಯಿದೆ, ಕೂಲಿಯ ಒಪ್ಪಂದ, ದೊಡ್ಡವರು ಬೇಡವೆಂದು ಬಿಟ್ಟ ಮಾಲು ಎಲ್ಲವೂ ಇವುಗಳ ಮೈಮೇಲೆ ಬರೆದುಕೊಂಡಿರುತ್ತವೆ.

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಆರ್ಕೇಡ್ ಮತ್ತು ಆಟಿಕ ಎಂಬ ಎರಡು ಊರುಗಳಿವೆ. ಅವುಗಳ ನಡುವಿನ ರೈಲುದಾರಿ ಮುಚ್ಚುವ ಹಂತಕ್ಕೆ ಬಂದಾಗ, 1917ರಲ್ಲಿ, ಆ ಸೀಮೆಯ ಜನರೇ ಷೇರು ಹಾಕಿ ಅದನ್ನು ಕೊಂಡುಕೊಂಡರು. 1941ರಲ್ಲಿ ಈ ಪುಟ್ಟ ಕಂಪನಿ 44 ಟನ್ನಿನ ಎಂಜಿನ್ ಒಂದನ್ನು ತಂದಿತು. ಒಳಗೆ ಎರಡು ಕ್ಯಾಟರ್‌ಪಿಲ್ಲರ್ ಡೀಸೆಲ್ ಮೋಟರುಗಳು, ಎರಡೂ ಸೇರಿ ಸುಮಾರು 380 ಅಶ್ವಶಕ್ತಿ. ಊರವರ ಕಿಸೆಗೆ ಅದು ಸಾಕಾಗಿತ್ತು. ನೀರಿನ ತೊಟ್ಟಿ ಬೇಡ, ಬೂದಿಗುಂಡಿ ಬೇಡ, ಬೆಳಗಿನ ಜಾವ ಎದ್ದು ಬಾಯ್ಲರ್ ಕಾಯಿಸುವ ಆಳೂ ಬೇಡ. ಉಗಿ ಎಂಜಿನ್‌ಗಳನ್ನು ಮನೆಗೆ ಕಳಿಸಿದರು. ತಮಾಷೆ ಏನೆಂದರೆ 1962ರಲ್ಲಿ ಅದೇ ಕಂಪನಿ ಮಿಶಿಗನ್ನಿನ ಇನ್ನೊಂದು ಸಣ್ಣ ರೈಲ್ವೆಯಿಂದ 1920ರ ಒಂದು ಹಳೆಯ ಉಗಿ ಎಂಜಿನ್ ಕೊಂಡುತಂದಿತು. ಸರಕು ಎಳೆಯುವುದಕ್ಕಲ್ಲ. ಉಗಿಬಂಡಿ ನೋಡಬೇಕೆಂದು ದುಡ್ಡು ಕೊಟ್ಟು ಬರುವ ಪ್ರವಾಸಿಗಳಿಗಾಗಿ.

ಕಾಯಿದೆಯಿಂದ ಹುಟ್ಟಿದ ಎಂಜಿನ್ ಇದೊಂದೇ ಅಲ್ಲ. ನ್ಯೂಯಾರ್ಕ್ ನಗರದಲ್ಲಿ ಹೊಗೆ ಕಾಟ ಹೆಚ್ಚಾಗಿ 1923ರಲ್ಲಿ ಉಗಿ ಎಂಜಿನ್‌ಗಳನ್ನೇ ಹೊರಗಿಡುವ ಕಾಯಿದೆ ಬಂತು. ಬ್ರಾಂಕ್ಸ್‌ನಲ್ಲಿ ಒಂದು ಪುಟ್ಟ ಸರಕು ಯಾರ್ಡ್ ಇತ್ತು. ಅದಕ್ಕೆ ಹೊರಗಿನ ಹಳಿಯ ಸಂಪರ್ಕವೇ ಇರಲಿಲ್ಲ, ವ್ಯಾಗನ್‌ಗಳು ದೋಣಿಯ ಮೇಲೆ ನೀರು ದಾಟಿ ಬರುತ್ತಿದ್ದವು. ಅಂಥ ಮೂಲೆಗೆ ವಿದ್ಯುತ್ ತಂತಿ ಎಳೆಯುವುದು ದಂಡ. ಅಲ್ಲಿಗೆ 1925ರಲ್ಲಿ ಬಂದದ್ದು ತಾನೇ ವಿದ್ಯುತ್ ಮಾಡಿಕೊಂಡು ಓಡುವ 300 ಅಶ್ವಶಕ್ತಿಯ ಡೀಸೆಲ್ ಎಲೆಕ್ಟ್ರಿಕ್ ಎಂಜಿನ್, ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿಯ ನಂಬರ್ 1000. ವ್ಯಾಪಾರಕ್ಕೆ ಮಾರಾಟವಾಗಿ ಯಶಸ್ವಿಯಾದ ಮೊದಲ ಡೀಸೆಲ್ ಎಲೆಕ್ಟ್ರಿಕ್ ಇದೇ ಎನ್ನುತ್ತಾರೆ. 1957ರ ತನಕ ದುಡಿಯಿತು. ಈಗ ಬಾಲ್ಟಿಮೋರ್ ಮ್ಯೂಸಿಯಮ್ಮಿನಲ್ಲಿದೆ. ಜಗತ್ತಿನ ರೈಲುಗಳನ್ನು ಬದಲಿಸಿದ ಯಂತ್ರ ಮೊದಲು ಕಾಲೂರಿದ್ದು ದೋಣಿಯಲ್ಲಿ ಹೋಗಿ ತಲುಪಬೇಕಾದ ಒಂದು ಮೂಲೆಯಲ್ಲಿ.

ಇನ್ನು ಕಾಡಿಗೆ ಹೋಗೋಣ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಇಫ್ರೆಮ್ ಷೇ ಎಂಬಾತ ಮಿಶಿಗನ್ನಿನಲ್ಲಿ ನಾಟಾ ವ್ಯಾಪಾರಿ. ಮರ ಕಡಿದು ದಿಮ್ಮಿಗಳನ್ನು ಗರಗಸದ ಮಿಲ್ಲಿಗೆ ಸಾಗಿಸುವುದು ಅವನ ಕಸುಬು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುಬಂಡಿಯಲ್ಲಿ ಎಳೆಯಬಹುದು. ಹಿಮ ಕರಗಿತೋ, ಕೆಲಸ ನಿಂತಿತು. ಅದಕ್ಕೇ ಷೇ ಮರದ ಹಳಿ ಹಾಕಿದ, ಕುದುರೆ ಕಟ್ಟಿದ, ಆಮೇಲೆ 1870ರ ದಶಕದ ಕೊನೆಯಲ್ಲಿ ತಾನೇ ಒಂದು ಎಂಜಿನ್ ಮಾಡಲು ಹೊರಟ. ಓಹಾಯೋ ರಾಜ್ಯದ ಲೈಮಾ ಎಂಬ ಊರಿನ ಯಂತ್ರ ಕಾರ್ಖಾನೆ 1880ರಲ್ಲಿ ಅವನ ಮಾದರಿಯ ಮೊದಲ ಎಂಜಿನ್ ಕಟ್ಟಿಕೊಟ್ಟಿತು. 1881ರಲ್ಲಿ ಪೇಟೆಂಟ್ ಸಿಕ್ಕಿತು.

ಸಾಮಾನ್ಯ ಉಗಿ ಎಂಜಿನ್ನಿನಲ್ಲಿ ಪಿಸ್ಟನ್ನಿನ ಸರಳುಗಳು ದೊಡ್ಡ ಚಕ್ರಗಳನ್ನು ನೇರವಾಗಿ ದೂಡುತ್ತವೆ. ಆ ಚಕ್ರಗಳೆಲ್ಲ ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿದುಕೊಂಡಿರುವುದರಿಂದ ಕಾಡಿನ ಮೊಳಕೈಯಂಥ ತಿರುವಿನಲ್ಲಿ ಹಳಿ ಬಿಟ್ಟು ಹೋಗುವುದು ಖಾತ್ರಿ. ಏರಿನಲ್ಲಿ ಪ್ರತಿ ಹೊಡೆತಕ್ಕೂ ಬಲ ಏರಿಳಿದು ಚಕ್ರ ಜಾರುತ್ತದೆ. ಷೇ ಇದನ್ನೆಲ್ಲ ಪಕ್ಕಕ್ಕಿಟ್ಟ. ಬಾಯ್ಲರನ್ನು ನಡುಗೆರೆಯಿಂದ ಎಡಕ್ಕೆ ಸರಿಸಿದ. ಬಲಗಡೆ ಎರಡೋ ಮೂರೋ ಸಿಲಿಂಡರುಗಳನ್ನು ನೆಟ್ಟಗೆ ನಿಲ್ಲಿಸಿದ. ಅವು ತಿರುಗಿಸುವ ದಂಡವೊಂದು ಎಂಜಿನ್ನಿನ ಉದ್ದಕ್ಕೂ ಬಲಮಗ್ಗುಲಲ್ಲಿ ಓಡುತ್ತದೆ. ಕೀಲುಗಳಿರುವುದರಿಂದ ತಿರುವಿಗೆ ತಕ್ಕಂತೆ ಬಳುಕುತ್ತದೆ. ಪ್ರತಿ ಅಚ್ಚಿಗೂ ಹಲ್ಲುಚಕ್ರ. ಹೀಗಾಗಿ ಎಲ್ಲ ಚಕ್ರಗಳೂ ಎಳೆಯುತ್ತವೆ, ನೀರು ಮತ್ತು ಕಲ್ಲಿದ್ದಲಿನ ಭಾರ ಹೊತ್ತ ಚಕ್ರಗಳೂ ಸಹ. ಎಡಗಡೆಯಿಂದ ನೋಡಿದರೆ ಬರೀ ಬಾಯ್ಲರ್, ಬಲಗಡೆಯಿಂದ ನೋಡಿದರೆ ಬರೀ ಯಂತ್ರ. ಚೆಂದವಿಲ್ಲ ಎಂದು ಬೈಯುವವರಿದ್ದಾರೆ, ನನಗಂತೂ ಅದರಷ್ಟು ಪ್ರಾಮಾಣಿಕವಾದ ಎಂಜಿನ್ ಇನ್ನೊಂದು ಕಾಣುವುದಿಲ್ಲ. ವೇಗ ಮಾತ್ರ ಕೇಳಬೇಡಿ. ಸದ್ದು ಕೇಳಿದರೆ ಅರವತ್ತು ಮೈಲಿ ಓಡುತ್ತಿದೆ ಎನ್ನಿಸುತ್ತದೆ, ಹೊರಗೆ ನೋಡಿದರೆ ಸೈಕಲ್ ಹೋದಷ್ಟೇ.

ಪೈಪೋಟಿಗೆ ಪೆನ್ಸಿಲ್ವೇನಿಯಾದ ಕೋರಿಯಿಂದ ಕ್ಲೈಮ್ಯಾಕ್ಸ್, ಈರಿಯಿಂದ ಹೈಸ್ಲರ್ ಎಂಬ ಗೇರ್ ಎಂಜಿನ್‌ಗಳೂ ಬಂದವು. ಸಂಖ್ಯೆಯಲ್ಲಿ ಷೇ ಹತ್ತಿರ ಯಾವುದೂ ಬರಲಿಲ್ಲ. 1945ರ ತನಕ 2,700ಕ್ಕೂ ಹೆಚ್ಚು ಷೇ ಎಂಜಿನ್‌ಗಳು ಹುಟ್ಟಿದವು. ತೈವಾನಿನ ಆಲಿಶಾನ್ ಬೆಟ್ಟದ ಕಾಡುಹಳಿಗೂ ಅವು ಹೋದವು. ನಮ್ಮ ಕಡೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆಗೆ ಬೇಕಾಗಿದ್ದು ಇದ್ದಿಲು. ಇದ್ದಿಲು ಸುಡುವ ಸೌದೆಗಾಗಿ ಮಲೆನಾಡಿನ ಕಾಡಿನೊಳಗೆ ಟ್ರಾಮ್ ಹಳಿಗಳು ಹೋಗಿದ್ದವು. ಕಾಡು, ನಾಟಾ, ಕಿರಿದಾದ ಹಳಿ, ಕಷ್ಟದ ಏರು ಎಲ್ಲ ಊರಲ್ಲೂ ಒಂದೇ.

ಇಂಥ ಎಂಜಿನ್ನಿನ ಚರಿತ್ರೆ ಬರೆಯುವವರು ಅದರ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ನಂಬರನ್ನು ನಂಬುವುದಿಲ್ಲ. ಆ ನಂಬರ್ ಯಜಮಾನನದು, ಯಜಮಾನ ಬದಲಾದರೆ ಅದೂ ಬದಲಾಗುತ್ತದೆ. ಕಾರ್ಖಾನೆ ಕೊಟ್ಟ ನಂಬರ್ ಮಾತ್ರ ಕೊನೆತನಕ ಉಳಿಯುತ್ತದೆ. ಪಾಲಾಗಿ ಮೂರು ಮನೆ ಸುತ್ತಿದರೂ ಅಜ್ಜಿಯ ತಾಮ್ರದ ಕೊಡದ ಮೇಲೆ ಕೆತ್ತಿದ ಹೆಸರು ಅಳಿಯುವುದಿಲ್ಲವಲ್ಲ, ಹಾಗೆ. ಕೊಟ್ಟಕೊನೆಯ ಷೇ ಎಂಜಿನ್ನಿನ ಕಾರ್ಖಾನೆ ನಂಬರ್ 3354. ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ ಕಲ್ಲಿದ್ದಲಿನ ಕವಲುದಾರಿಗಾಗಿ 1945ರಲ್ಲಿ ಕಟ್ಟಿಸಿಕೊಂಡದ್ದು, ತೂಕ 162 ಟನ್. ಅದಕ್ಕೆ ಆ ಕೆಲಸದಲ್ಲಿ ಹೆಚ್ಚು ಆಯುಷ್ಯ ಸಿಗಲಿಲ್ಲ. ಈಗ ಪಶ್ಚಿಮ ವರ್ಜೀನಿಯಾದ ಕ್ಯಾಸ್ ಎಂಬ ಊರಿನಲ್ಲಿದೆ. ಕ್ಯಾಸ್ ಕಾಗದದ ತಿರುಳಿನ ಕಂಪನಿಯೊಂದು 1901ರಲ್ಲಿ ಕಟ್ಟಿದ ಊರು. 1960ರಲ್ಲಿ ಮಿಲ್ ಮುಚ್ಚಿತು, ಹಳಿಯನ್ನು ಗುಜರಿಗೆ ಕಿತ್ತು ಮಾರುವ ಹೊತ್ತಿಗೆ ರಾಜ್ಯ ಸರ್ಕಾರ ಕೊಂಡುಕೊಂಡು 1963ರಲ್ಲಿ ಪ್ರವಾಸಿ ರೈಲು ಮಾಡಿತು. ಅಲ್ಲಿನ ಕೆಲವು ಕಡೆ ಏರು ನೂರಕ್ಕೆ ಹನ್ನೊಂದು. ನಮ್ಮ ಸಕಲೇಶಪುರದ ಘಾಟಿಯ ರೈಲುದಾರಿಯಲ್ಲಿ ಅದು ನೂರಕ್ಕೆ ಎರಡು. ಅಷ್ಟಕ್ಕೇ ಹಿಂದಿನಿಂದ ದೂಡುವ ಎಂಜಿನ್ ಬೇಕಾಗುತ್ತದೆ.

ಕಾರ್ಖಾನೆಯೊಳಗಿನ ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಬೆಂಕಿಯೇ ಇಲ್ಲದ ಉಗಿ ಎಂಜಿನ್. ಮದ್ದುಗುಂಡಿನ ಕಾರ್ಖಾನೆಯಲ್ಲಿ, ರಾಸಾಯನಿಕದ ಕಾರ್ಖಾನೆಯಲ್ಲಿ ಒಂದು ಕಿಡಿ ಹಾರಿದರೆ ಮುಗಿಯಿತು. ಅಲ್ಲಿಗೆ ಒಲೆಯಿಲ್ಲದ, ದಪ್ಪ ಪೀಪಾಯಿಯ ಹಾಗಿರುವ ಎಂಜಿನ್. ಕಾರ್ಖಾನೆಯ ಸ್ವಂತ ಬಾಯ್ಲರಿನಿಂದ ಪೈಪ್ ಹಾಕಿ ಅದಕ್ಕೆ ಒತ್ತಡದ ಉಗಿ ತುಂಬುತ್ತಾರೆ, ಒಳಗಿನ ನೀರು ಕುದಿಯುವ ಬಿಂದು ದಾಟಿ ಕಾಯುತ್ತದೆ. ಉಗಿ ಬಳಸಿದಂತೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ನೀರು ಮತ್ತೆ ಕುದಿದು ಉಗಿ ಕೊಡುತ್ತದೆ. ಕೆಲವು ಗಂಟೆ ಯಾರ್ಡಿನಲ್ಲಿ ಓಡಾಡಲು ಸಾಕು. ಪಿಟ್ಸ್‌ಬರ್ಗಿನ ಎಚ್. ಕೆ. ಪೋರ್ಟರ್ ಕಂಪನಿ, ಹೈಸ್ಲರ್ ಕಂಪನಿ ಇಂಥವನ್ನು ಮಾಡುತ್ತಿದ್ದವು.

ಈಗ ನಮಗೆ ಹತ್ತಿರದ ಹೆಸರಿಗೆ ಬರೋಣ. ಆಲ್ಕೊ. ಎಂಟು ಎಂಜಿನ್ ಕಾರ್ಖಾನೆಗಳು 1901ರಲ್ಲಿ ಒಂದಾಗಿ ಅಮೆರಿಕನ್ ಲೋಕೊಮೋಟಿವ್ ಕಂಪನಿ ಹುಟ್ಟಿತು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಅದರ ತವರು. ಡೀಸೆಲ್ ಕಾಲ ಬಂದಾಗ ಆಲ್ಕೊ ಮೋಟರು ಮತ್ತು ಚೌಕಟ್ಟು ಕಟ್ಟುತ್ತಿತ್ತು, ವಿದ್ಯುತ್ ಸಾಮಾನು ಅದೇ ಊರಿನ ಜನರಲ್ ಎಲೆಕ್ಟ್ರಿಕ್‌ನದು. ಯುದ್ಧದ ಕಾಲದಲ್ಲಿ ಅವಸರದಿಂದ ರೂಪಿಸಿದ 244 ಎಂಬ ಮೋಟರು ಕೈಕೊಟ್ಟು ಹೆಸರು ಕೆಡಿಸಿತು. ಆಮೇಲೆ ಬಂದ 251 ಗಟ್ಟಿಮುಟ್ಟು, ಆದರೆ ಅಷ್ಟರಲ್ಲಿ ಗಿರಾಕಿಗಳು ಜನರಲ್ ಮೋಟಾರ್ಸ್ ಕಡೆ ಹೊರಟಿದ್ದರು. ಮೇಲಾಗಿ ಸಾಮಾನು ಕೊಡುತ್ತಿದ್ದ ಜನರಲ್ ಎಲೆಕ್ಟ್ರಿಕ್ಕೇ ಎದುರಾಳಿಯಾಗಿ ತನ್ನ ಎಂಜಿನ್ ಮಾರಲು ನಿಂತಿತು. 1969ರಲ್ಲಿ ಸ್ಕೆನೆಕ್ಟಡಿಯ ಕಾರ್ಖಾನೆ ಎಂಜಿನ್ ಕಟ್ಟುವುದನ್ನು ನಿಲ್ಲಿಸಿತು.

ದೊಡ್ಡ ರೈಲ್ವೆಗಳು ಆಲ್ಕೊಗಳನ್ನು ಅಗ್ಗಕ್ಕೆ ಮಾರಿಬಿಟ್ಟವು. 1980ರಲ್ಲಿ ಸ್ಟ್ಯಾಗರ್ಸ್ ಕಾಯಿದೆ ಬಂದು ದೊಡ್ಡ ಕಂಪನಿಗಳು ಲಾಭವಿಲ್ಲದ ಕವಲುದಾರಿಗಳನ್ನು ಮಾರುವುದು ಸುಲಭವಾದಾಗ, ಕೊಂಡವರು ಸ್ಥಳೀಯ ಪುಟ್ಟ ಕಂಪನಿಗಳು. ಅವರಿಗೆ ಹೊಸ ಎಂಜಿನ್ ಕೊಳ್ಳುವ ಶಕ್ತಿಯಿಲ್ಲ, ಹಳೆಯ ಆಲ್ಕೊ ಇದ್ದೇ ಇತ್ತಲ್ಲ. ಅರ್ಕಾನ್ಸಾ ಅಂಡ್ ಮಿಸೌರಿ ಎಂಬ ರೈಲ್ವೆ 1986ರಲ್ಲಿ ಶುರುವಾದದ್ದು ಆಲ್ಕೊಗಳಿಂದ. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ನಿನಲ್ಲಿ 1993ರಿಂದ ನಡೆಯುತ್ತಿರುವ ಡೆಲವೇರ್ ಲ್ಯಾಕವಾನ ತನ್ನ ಇಡೀ ಎಂಜಿನ್ ಬಳಗವನ್ನೇ ಆಲ್ಕೊ ಕುಲದಿಂದ ಕಟ್ಟಿತು. ಇದರಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಒಂದೇ ಜಾತಿಯ ಎಂಜಿನ್ ಇಟ್ಟುಕೊಂಡರೆ ಬಿಡಿಭಾಗವೂ ಒಂದೇ, ಮೆಕ್ಯಾನಿಕ್ಕಿಗೆ ಕಲಿಯಬೇಕಾದ ವಿದ್ಯೆಯೂ ಒಂದೇ ಎಂಬ ಲೆಕ್ಕವೂ ಇದೆ. ಆಲ್ಕೊ ಥಟ್ಟನೆ ವೇಗ ಹೆಚ್ಚಿಸುವಾಗ ಟರ್ಬೋಚಾರ್ಜರ್ ಗಾಳಿ ಕೊಡುವುದಕ್ಕೆ ತಡ ಮಾಡುತ್ತದೆ, ಎಣ್ಣೆ ಮುಂದೆ ಹೋಗಿರುತ್ತದೆ, ಕಪ್ಪು ಹೊಗೆ ಆಕಾಶಕ್ಕೆ. ಅಮೆರಿಕದ ರೈಲುಪ್ರಿಯರು ಇದಕ್ಕೆ ಗೌರವ ಉಗಿ ಎಂಜಿನ್ ಎಂಬ ಬಿರುದು ಕೊಟ್ಟಿದ್ದಾರೆ.

ಆ ಹೊಗೆ, ಆ ಗುಡುಗುಡು ನಮ್ಮಲ್ಲಿ ಯಾರು ಕೇಳಿಲ್ಲ? 1962ರಲ್ಲಿ ಬಂದ, 1964ರಿಂದ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯೂಡಿಎಂ-2 ಎಂಜಿನ್ ಆಲ್ಕೊ ವಿನ್ಯಾಸ, 251ರದೇ ಹದಿನಾರು ಸಿಲಿಂಡರಿನ ರೂಪ, 2,600 ಅಶ್ವಶಕ್ತಿ. ತಾಯಿ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಮಗಳ ಮನೆಯಲ್ಲಿ ದಶಕಗಳ ಕಾಲ ಆ ವಂಶ ಬೆಳೆಯಿತು. ಮೀಟರ್ ಗೇಜಿನ ಹಳಿಗೆ ಬಂದದ್ದು ವೈಡಿಎಂ-4, ಆಲ್ಕೊ ಲೆಕ್ಕದಲ್ಲಿ ಡಿಎಲ್ 535, ಆರು ಸಿಲಿಂಡರಿನ 251. ಬ್ರಾಡ್‌ಗೇಜ್ ಬರುವ ಮುಂಚೆ ಬೆಂಗಳೂರು, ಹುಬ್ಬಳ್ಳಿ, ಹಾಸನ, ಮಂಗಳೂರು ಎಂದು ಓಡಾಡಿದವರು ಇದರ ಹಿಂದೆ ಕೂತಿದ್ದಾರೆ.

ಇದರ ಸೋದರರು ಅಮೆರಿಕದ ವಾಯವ್ಯದ ಮೂಲೆಯಲ್ಲಿದ್ದಾರೆ. ಕ್ಲೊಂಡೈಕಿನ ಚಿನ್ನದ ಹುಚ್ಚಿನಲ್ಲಿ 1898ರಿಂದ 1900ರೊಳಗೆ ಅಲಾಸ್ಕದ ಸ್ಕಾಗ್ವೆಯಿಂದ ಕೆನಡದ ವೈಟ್‌ಹಾರ್ಸ್‌ಗೆ ಮೂರಡಿ ಅಗಲದ ಹಳಿ ಹಾಕಿದ್ದರು, ಹೆಸರು ವೈಟ್ ಪಾಸ್ ಅಂಡ್ ಯೂಕಾನ್. 1969ರಲ್ಲಿ ಫಾರೋ ಎಂಬಲ್ಲಿನ ಸೀಸ ಮತ್ತು ಸತುವಿನ ಅದಿರು ಸಾಗಿಸಲು ಈ ರೈಲ್ವೆ ಡಿಎಲ್ 535 ಮಾದರಿಯನ್ನೇ, ಹಳಿಗೆ ತಕ್ಕಂತೆ ಬದಲಿಸಿ, ಆಲ್ಕೊದ ಬಂಧುವಾದ ಮಾಂಟ್ರಿಯಲ್ ಕಾರ್ಖಾನೆಯಿಂದ ಕೊಂಡಿತು. 1982ರಲ್ಲಿ ಗಣಿ ನಿಂತಿತು, ರೈಲೂ ನಿಂತಿತು. ಅದೇ ವರ್ಷ ಈ ರೈಲ್ವೆಗೆಂದು ತಯಾರಾಗುತ್ತಿದ್ದ ಹೊಸ ಎಂಜಿನ್‌ಗಳಿಗೆ ಯಜಮಾನನೇ ಇಲ್ಲದಂತಾಯಿತು. ಅವುಗಳಲ್ಲಿ ಒಂದನ್ನು, ನಂಬರ್ 111ನ್ನು, ಕ್ಯಾಲಿಫೋರ್ನಿಯಾದ ಮರುಭೂಮಿಯ ಪ್ಲಾಸ್ಟರ್ ಸಿಟಿಯಲ್ಲಿರುವ ಜಿಪ್ಸಮ್ ಕಾರ್ಖಾನೆ ಕೊಂಡಿತು. ಹಿಮದ ಕಣಿವೆಗೆಂದು ಹುಟ್ಟಿದ್ದು ಮರಳುಗಾಡಿನಲ್ಲಿ ಸುಣ್ಣದಂಥ ಬಿಳಿ ಕಲ್ಲು ಎಳೆಯತೊಡಗಿತು. ವೈಟ್ ಪಾಸ್ 1988ರಲ್ಲಿ ಮತ್ತೆ ತೆರೆಯಿತು, ಅದಿರಿನ ಬದಲು ಹಡಗಿನಲ್ಲಿ ಬರುವ ಪ್ರವಾಸಿಗಳಿಗಾಗಿ.

2020ರ ಸುಮಾರಿಗೆ ವೈಟ್ ಪಾಸ್ ಹೊಸ ಎಂಜಿನ್ ತಂದು ಹಳೆಯ ಡಿಎಲ್ 535ಗಳಲ್ಲಿ ಕೆಲವನ್ನು ಬಿಟ್ಟುಕೊಟ್ಟಿತು. ಅವು ಹೋದದ್ದು ಕೊಲರಾಡೋದ ಡ್ಯುರಾಂಗೊ ಮತ್ತು ಸಿಲ್ವರ್ಟನ್ ರೈಲ್ವೆಗೆ. 2018ರಲ್ಲಿ ಆ ಕಣಿವೆಯಲ್ಲಿ ದೊಡ್ಡ ಕಾಡ್ಗಿಚ್ಚು ಹಬ್ಬಿ, ಕಲ್ಲಿದ್ದಲು ಉಗಿ ಎಂಜಿನ್ನಿನ ಕಿಡಿಯೇ ಕಾರಣವೆಂದು ಅಮೆರಿಕ ಸರ್ಕಾರ ರೈಲ್ವೆಯನ್ನು ಕೋರ್ಟಿಗೆ ಎಳೆದಿತ್ತು. ಒಣಗಿದ ಬೇಸಿಗೆಯಲ್ಲಿ ಕಿಡಿ ಉಗುಳದ ಎಂಜಿನ್ ಬೇಕಾಗಿತ್ತು. ಉಗಿಬಂಡಿ ನೋಡಲೆಂದೇ ಟಿಕೆಟ್ ತೆಗೆದ ಅಮೆರಿಕನ್ನರಿಗೆ ಒಮ್ಮೊಮ್ಮೆ ಮುಂದೆ ಡೀಸೆಲ್ ಕಂಡು ಬೇಸರವಾಗಬಹುದು. ಹಾಸನ ಮಂಗಳೂರಿನ ಹಳೆಯ ಪ್ರಯಾಣಿಕರು ಯಾರಾದರೂ ಆ ಬೋಗಿಯಲ್ಲಿದ್ದರೆ ಅವರಿಗೆ ಮಾತ್ರ ಆ ಸದ್ದು ಗುರುತಾದೀತು.