ಮೆಚ್ಚುಗೆಯ ಮರೆಯ ಅಂತರ: ಸೂಕ್ಷ್ಮ ಜನಾಂಗಭೇದ ಮತ್ತು ಸಿದ್ದಿ ಸಮುದಾಯ

ಒಂದು ಜನಾಂಗ ಹುಟ್ಟಿನಿಂದಲೇ ಕೀಳು ಎಂದು ಬಹಿರಂಗವಾಗಿ ಸಾರುವ ಧೈರ್ಯ ಎರಡನೆಯ ಮಹಾಯುದ್ಧದ ನಂತರ ಕ್ರಮೇಣ ಕುಂದಿತು. ಹಲವು ದೇಶಗಳ ಕಾನೂನು ಅಂಥ ಭೇದವನ್ನು ನಿಷೇಧಿಸಿತು, ಸಭ್ಯ ಸಮಾಜ ಅದನ್ನು ನಾಚಿಕೆಗೇಡೆಂದು ಬಗೆಯಿತು. ಆದರೆ ಭೇದಭಾವ ಅಷ್ಟರಿಂದಲೇ ಅಳಿಯದೆ, ಸಭ್ಯತೆಯ ಕಟ್ಟಳೆಯನ್ನು ಮೀರದಂಥ ರೂಪಗಳನ್ನು ತಾಳಿತು. ಸಮಾಜಮನೋವಿಜ್ಞಾನಿಗಳಾದ ಥಾಮಸ್ ಪೆಟಿಗ್ರೂ ಮತ್ತು ರೋಯೆಲ್ ಮೇರ್ಟೆನ್ಸ್ 1995ರಲ್ಲಿ ಪ್ರಕಟಿಸಿದ ಅಧ್ಯಯನವು, ಫ್ರಾನ್ಸ್, ನೆದರ್ಲೆಂಡ್ಸ್, ಬ್ರಿಟನ್ ಮತ್ತು ಅಂದಿನ ಪಶ್ಚಿಮ ಜರ್ಮನಿಗಳಲ್ಲಿ ಅಲ್ಪಸಂಖ್ಯಾತರ ಬಗೆಗಿದ್ದ ಮನೋಭಾವವನ್ನು ಪರಿಶೀಲಿಸಿ, ಇಂಥ ನವಿರಾದ ಪೂರ್ವಗ್ರಹದಲ್ಲಿ ಮೂರು ಲಕ್ಷಣಗಳನ್ನು ಗುರುತಿಸಿತು. ಅಲ್ಪಸಂಖ್ಯಾತರ ಹಿಂದುಳಿಯುವಿಕೆಗೆ ಅವರು ದುಡಿಮೆ, ಶಿಸ್ತಿನಂಥ ಮೌಲ್ಯಗಳನ್ನು ಪಾಲಿಸದಿರುವುದೇ ಕಾರಣವೆನ್ನುವುದು ಒಂದು. ಸಂಸ್ಕೃತಿಯ ವ್ಯತ್ಯಾಸವನ್ನು ಇರುವುದಕ್ಕಿಂತ ಹಿಗ್ಗಿಸಿ ಕಾಣುವುದು ಇನ್ನೊಂದು. ದ್ವೇಷವನ್ನು ತೋರದೆಯೇ ಆದರವನ್ನೂ ಸಹಾನುಭೂತಿಯನ್ನೂ ತಡೆಹಿಡಿಯುವುದು ಮೂರನೆಯದು.

ಇವುಗಳಲ್ಲಿ ಎರಡನೆಯದೇ ಗುರುತಿಸಲು ಅತ್ಯಂತ ಕಷ್ಟವಾದುದು, ಏಕೆಂದರೆ ಅದು ಹೊಗಳಿಕೆಯ ರೂಪದಲ್ಲಿಯೂ ಬರಬಲ್ಲದು. ಕರ್ನಾಟಕದ ಮಟ್ಟಿಗೆ ಇದಕ್ಕೆ ಸಿದ್ದಿಗಳ ಬಗೆಗಿನ ಧೋರಣೆಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮೊದಲಾದ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಈ ಜನರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಘಟ್ಟದ ಕಾಡುಗಳನ್ನು ಸೇರಿದರು. ಅದೇ ಖಂಡದ ಮೂಲದವರು ದಖನ್ನಿನ ರಾಜಕಾರಣವನ್ನೂ ನಡೆಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು: 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯವನ್ನು ಮೊಗಲರ ವಿರುದ್ಧ ಕಾಯ್ದಿದ್ದ, ಇಖ್ಲಾಸ್ ಖಾನ್ ವಿಜಯಪುರದ ಮೊಹಮ್ಮದ್ ಆದಿಲ್ ಶಾಹನ ಮಂತ್ರಿಯಾಗಿದ್ದ. ಇಂದಿನ ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದು, ಮನೆಯಲ್ಲಿ ಕೊಂಕಣಿಯನ್ನೋ ಉರ್ದುವನ್ನೋ ಆಡುವವರು ಶಾಲೆಯಲ್ಲಿ, ಸಂತೆಯಲ್ಲಿ, ಅಡಿಕೆ ತೋಟದ ಕೆಲಸದಲ್ಲಿ ಕನ್ನಡವನ್ನೇ ಬಳಸುತ್ತಾರೆ. ನೆರೆಹೊರೆಯೊಂದಿಗೆ ಬಾಳನ್ನು ಇಷ್ಟರಮಟ್ಟಿಗೆ ಹಂಚಿಕೊಂಡ ಮೇಲೂ, ಸಿದ್ದಿ ಯುವಕನೊಬ್ಬ ಕನ್ನಡದಲ್ಲಿ ಮಾತಾಡಿದಾಗ ನಗರದವರು ಬೆರಗಾಗಿ, ಎಷ್ಟು ಚೆನ್ನಾಗಿ ಕಲಿತಿದ್ದೀರಿ ಎಂದು ಮೆಚ್ಚಿದರೆ, ಆ ಮೆಚ್ಚುಗೆ ತಲೆಮಾರುಗಳಿಂದ ಈ ನೆಲದಲ್ಲಿರುವವನನ್ನು ಆಗತಾನೆ ಬಂದಿಳಿದ ಅತಿಥಿಯನ್ನಾಗಿಸುತ್ತದೆ. ಆಡಿದವರ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಬದುಕಿನುದ್ದಕ್ಕೂ ಅದನ್ನೇ ಕೇಳುತ್ತ ಹೋಗುವವರ ಮನಸ್ಸಿನಿಂದಲೇ ಅದರ ಭಾರವನ್ನು ಅಳೆಯಬೇಕಾಗುತ್ತದೆ.

ಇದೇ ದೃಷ್ಟಿ ಸರ್ಕಾರದ ಸದುದ್ದೇಶದ ಕೆಲಸದಲ್ಲಿಯೂ ಹೊಕ್ಕಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿದಾಗ, ಆಫ್ರಿಕ ಮೂಲದ ಮೈಕಟ್ಟು ಓಟಕ್ಕೆ ಹೇಳಿಮಾಡಿಸಿದ್ದು ಎಂಬ ನಂಬಿಕೆ ಅದರ ಹಿಂದಿತ್ತು. ಅವರಲ್ಲಿ ಕೆಲವರು ದೇಶಕ್ಕೆ ಪದಕ ತಂದರು, ಕೆಲವರಿಗೆ ಸರ್ಕಾರಿ ನೌಕರಿಯೂ ದೊರೆಯಿತು. ಆದರೆ ಸಿದ್ದಿ ಮಕ್ಕಳ ಈ ತರಬೇತಿಯನ್ನು ಕೆಲವೇ ವರ್ಷಗಳಲ್ಲಿ ಕೈಬಿಡಲಾಯಿತು. ಅವಕಾಶ ಸಿಕ್ಕಿದ್ದು ನಿಸ್ಸಂಶಯವಾಗಿ ಒಳ್ಳೆಯದೇ. ಆದರೂ ಗೆಲುವನ್ನು ರಕ್ತದ ಗುಣವೆಂದು ಬಗೆದರೆ ಓಟಗಾರ್ತಿಯ ವರ್ಷಗಟ್ಟಲೆಯ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಕಾಲಿನ ಬಲಕ್ಕಾಗಿ ಹುಡುಕಿಕೊಂಡು ಬಂದವರು ಅದೇ ಮಕ್ಕಳ ನಡುವೆ ಗಣಿತಜ್ಞರನ್ನೋ ವೈದ್ಯರನ್ನೋ ಹುಡುಕುವ ಯೋಚನೆಯನ್ನು ಮಾಡುವುದಿಲ್ಲ. ಡಮಾಮಿಯ ವಿಷಯವೂ ಬೇರೆಯಲ್ಲ. ಮದುವೆ, ಹಬ್ಬ, ಹಿರಿಯರ ಆರಾಧನೆಯ ಸಂದರ್ಭಗಳಲ್ಲಿ ತಮ್ಮವರ ನಡುವೆ ಬಾರಿಸಿ ಕುಣಿಯುವ ಈ ವಾದ್ಯ ಉತ್ಸವದ ಮೆರವಣಿಗೆಗೆ ಬಂದಾಗ, ಅನೇಕ ವೇಳೆ ಕಲಾವಿದರು ಸೊಪ್ಪುಸದೆ ಸುತ್ತಿಕೊಂಡು, ನೋಡುವವರ ಕಲ್ಪನೆಯ ಕಾಡುಜನರಾಗಿ ಕಾಣಿಸಿಕೊಳ್ಳಬೇಕಾಗುತ್ತದೆ. ಅದೇ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯ ಬಣ್ಣಗಾರಿಕೆಯಾಗಲಿ, ಗಿರಿಜಾ ಸಿದ್ದಿಯವರಂಥ ರಂಗಕಲಾವಿದೆಯ ಸಾಧನೆಯಾಗಲಿ ಆ ಕಲ್ಪನೆಗೆ ಒಗ್ಗುವುದಿಲ್ಲವಾದ್ದರಿಂದ ಅಷ್ಟು ಜನರನ್ನು ಸೆಳೆಯುವುದಿಲ್ಲ.

ಪೆಟಿಗ್ರೂ ಹೇಳಿದ ಮೂರನೆಯ ಲಕ್ಷಣ, ಅಂದರೆ ಆದರವನ್ನು ತಡೆಹಿಡಿಯುವುದು, ಜಮೀನಿನ ಪ್ರಶ್ನೆಯಲ್ಲಿ ಬಯಲಾಗುತ್ತದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿಯಾಚೆ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಲ್ಲಿರುವ ಅದೇ ಜನರಿಗೆ ಆ ಮಾನ್ಯತೆ ದೊರೆತದ್ದು 2020ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ವಾಸವಿದ್ದುದನ್ನು ತೋರಿಸಿದರೆ ಸಾಕು, ಪಟ್ಟಿಯಲ್ಲಿಲ್ಲದವರು ಅದಕ್ಕೂ ಹಿಂದಿನ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಹೀಗಾಗಿ ಆಫ್ರಿಕ ಮೂಲವನ್ನು ಮುಖ ನೋಡಿದೊಡನೆ ಗುರುತಿಸುತ್ತಿದ್ದ ವ್ಯವಸ್ಥೆಯೇ, ಈ ಎರಡು ಜಿಲ್ಲೆಗಳ ಸಿದ್ದಿಗಳು ಇಲ್ಲಿ ಬಾಳಿದ್ದಕ್ಕೆ ಮಾತ್ರ ಅಷ್ಟು ಹಳೆಯ ಪುರಾವೆಯನ್ನು ಬೇಡುತ್ತ ಬಂದಿತು. ಬೇರೆಯವರ ತೋಟಗಳಲ್ಲಿ ದುಡಿದು, ಕಾಡಿನ ತುಂಡುನೆಲದಲ್ಲಿ ಗುಡಿಸಲು ಕಟ್ಟಿಕೊಂಡವರ ಬಳಿ ಅಂಥ ದಾಖಲೆ ಎಲ್ಲಿಂದ ಬರಬೇಕು? ಕಾಯ್ದೆಯ ನಿಯಮಗಳು ಊರಿನ ಹಿರಿಯರು ನೀಡಿ ಬರಹಕ್ಕಿಳಿಸಿದ ಹೇಳಿಕೆಯನ್ನೂ ಪುರಾವೆಗಳ ಸಾಲಿನಲ್ಲಿ ಸೇರಿಸಿವೆ. ಸಿದ್ದಿ ಹಿರಿಯರ ಅಂಥ ಹೇಳಿಕೆ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋದಾಗ, ಸರ್ವೆ ನಕ್ಷೆಗೆ ಸಲ್ಲುವಷ್ಟೇ ಬೆಲೆ ಅದಕ್ಕೂ ಸಲ್ಲುತ್ತದೆಯೇ ಎಂಬುದನ್ನು ಪ್ರತಿಯೊಂದು ಕಡತದಲ್ಲಿಯೂ ತೆರೆದು ನೋಡಬೇಕಾಗಿದೆ.