ನಗದೇ ನಗಿಸಿದ ಪು.ಲ., ಮತ್ತು ಬೆಳಗಾವಿಯ ರಾವ್‌ಸಾಹೇಬರು

ಮುಂಬೈಗೆ ಸ್ಟ್ಯಾಂಡ್‌ಅಪ್ ಕಾಮಿಡಿ ಬಂದಿದ್ದೇ 2010ರಲ್ಲಿ, ಲೋವರ್ ಪರೇಲ್‌ನಲ್ಲಿ ಕಾಮಿಡಿ ಸ್ಟೋರ್ ತೆರೆದಾಗ ಅಂತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಗಿರಗಾಂವ್‌ನ ಹಳಬರನ್ನ ಕೇಳ್ರೀ! 1960ರ ದಶಕದಲ್ಲೇ ಮರಾಠಿ ಸಾಹಿತಿ ಪು.ಲ. ದೇಶಪಾಂಡೆ ಒಬ್ಬರೇ ವೇದಿಕೆ ಹತ್ತಿ, 'ಬಟಾಟ್ಯಾಚಿ ಚಾಳ್' ಅಂತ ಒಂದಿಡೀ ಚಾಳಿನ, ಅಂದ್ರೆ ವಠಾರದ, ಸಂಸಾರಗಳನ್ನೆಲ್ಲ ಆಡಿ ತೋರಿಸ್ತಿದ್ರು. ಹೆಂಡತಿ ಸುನೀತಾಬಾಯಿ ವ್ಯವಸ್ಥೆ ನೋಡ್ಕೊಳ್ತಿದ್ರು. ಅದು ಸ್ಟ್ಯಾಂಡ್‌ಅಪ್ ಅಲ್ಲದೆ ಇನ್ನೇನು?

ಅದರಲ್ಲಿ ಚಾಳಿನವನೊಬ್ಬ ತೂಕ ಇಳಿಸೋಕೆ ಹೊರಡ್ತಾನೆ. ಏನು ತಿನ್ನೋದು ಬಿಡಬೇಕು ಅಂತ ಬಾಗಿಲಿಗೊಬ್ಬರು ಸಲಹೆ ಕೊಡ್ತಾರೆ. ಪು.ಲ. ಇದನ್ನ ಪಂಚಾಯ್ತಿ ಠರಾವು ಓದಿದಷ್ಟು ಗಂಭೀರವಾಗಿ ಹೇಳ್ತಾರೆ.

ನನ್ನನ್ನ ಹಿಡಿದದ್ದು ಮಾತ್ರ ಅವರ 'ರಾವ್‌ಸಾಹೇಬ್' ಅನ್ನೋ ವ್ಯಕ್ತಿಚಿತ್ರ. ಪು.ಲ. ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಲ್ಲಿ ಪಾಠ ಹೇಳಿದವರು. ಅಲ್ಲಿ ಸಿಕ್ಕ ಗೆಳೆಯ ಕೃಷ್ಣರಾವ್ ಹರಿಹರ ಅವರೇ ಈ ರಾವ್‌ಸಾಹೇಬರು. ಮಾತೆಲ್ಲ ಕನ್ನಡ ಬೆರೆತ ಮರಾಠಿ. ನಮಗೆ ಗೋಡೆ, ಬಾಗಿಲು, ಪುಸ್ತಕ ಎಲ್ಲಾ 'ಅದು'. ಮರಾಠಿಯಲ್ಲಿ ಗೋಡೆ ಹೆಣ್ಣು, ಬಾಗಿಲು ಗಂಡು, ಪುಸ್ತಕ ಎರಡೂ ಅಲ್ಲ! ಬೆಳಗಾವಿ ಬಾಯಿ ಅಲ್ಲೇ ಎಡವೋದು. ಜೊತೆಗೆ ರಾವ್‌ಸಾಹೇಬರಿಗೆ ಪ್ರೀತಿ ಉಕ್ಕಿದಷ್ಟೂ ಬೈಗುಳ ಜಾಸ್ತಿ. ಪು.ಲ. ಆ ತಪ್ಪುಗಳನ್ನ ಒಂದೂ ತಿದ್ದದೆ ಒಪ್ಪಿಸ್ತಾರೆ. ಅಲ್ಲೆಲ್ಲಾದ್ರೂ ತಾವೇ ಒಮ್ಮೆ ಕಿಸಕ್ಕಂದಿದ್ರೆ, ಅದು ಕನ್ನಡಿಗನ ಮರಾಠಿಯ ಗೇಲಿ ಆಗ್ತಿತ್ತು. ಬೆಳಗಾವಿ ಗಡಿ ಜಗಳದ ನಡುವೆ ಅದೆಷ್ಟು ಸುಲಭ, ಹೇಳಿ!

ತಡೀರಿ, ನಗದೇ ನಗಿಸ್ತಾರೆ ಅಂದೆ ಅಂತ ಕಲ್ಲುಮುಖ ಅನ್ಕೋಬೇಡಿ. ದನಿ, ಹುಬ್ಬು, ಕೈ ಎಲ್ಲಾ ಕುಣಿಯುತ್ತೆ. ತಮ್ಮ ಜೋಕಿಗೆ ತಾವು ನಗಲ್ಲ, ಅಷ್ಟೇ. ಈಗಿನ ಹುಡುಗರು ಮೈಕ್ ಹಿಡಿದು ಪ್ರೇಕ್ಷಕರಿಗಿಂತ ಮೊದಲೇ ನಗ್ತಾರೆ. ನನಗಂತೂ ಸೇರಲ್ಲ.

ಉಳಿದದ್ದು ಬೇಗ ಹೇಳ್ತೀನಿ. ಪು.ಲ. ಹುಟ್ಟಿದ್ದು 1919ರಲ್ಲಿ ಮುಂಬೈನಲ್ಲಿ, ಬೆಳೆದದ್ದು ಜೋಗೇಶ್ವರಿ, ವಿಲೆ ಪಾರ್ಲೆ ಕಡೆ. ಹಾರ್ಮೋನಿಯಂ, ಸಿನಿಮಾ, ರೇಡಿಯೊ, ದೂರದರ್ಶನ ಎಲ್ಲಾ ಆಯ್ತು. 1965ರಲ್ಲಿ 'ವ್ಯಕ್ತಿ ಆಣಿ ವಲ್ಲಿ'ಗೆ ಸಾಹಿತ್ಯ ಅಕಾಡೆಮಿ, 1990ರಲ್ಲಿ ಪದ್ಮಭೂಷಣ. 2000ದ ಜೂನ್ 12ಕ್ಕೆ ಪುಣೆಯಲ್ಲಿ ತೀರಿಕೊಂಡರು.

'ರಾವ್‌ಸಾಹೇಬ್' ಅವರದೇ ದನಿಯಲ್ಲಿ ಸಿಗುತ್ತೆ, ಕೇಳಿ. ಕೊನೆಗೆ ಗಂಟಲು ಕಟ್ಟುತ್ತೆ. ಹೆಡ್‌ಫೋನ್ ಹಾಕ್ಕೊಳ್ಳಿ, ಮನೇಲಿ ಬೆಳಗಾವಿ ಕಡೆಯ ಹಿರಿಯರಿದ್ರೆ ಬೈಗುಳ ಅವರಿಗೆ ಸರಿಯಾಗೇ ಅರ್ಥ ಆಗುತ್ತೆ.